ತಟ್ಟೆಯಲ್ಲಿ ಉಳಿದುಹೋದ ವಾಕ್ಯ

೨೦೦೮ರಲ್ಲಿ ನಾನು ವೈಟ್‌ಫೀಲ್ಡ್ ಆಚೆಯ ಒಂದು ಮಿಷನ್ ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟ್ ಆಗಿದ್ದೆ. ಬೆನ್ನುಹುರಿಗೆ ಪೆಟ್ಟಾದವರ ವಾರ್ಡು ನನ್ನದು. ಹನ್ನೆರಡು ಹಾಸಿಗೆ. ಆ ವರ್ಷಗಳಲ್ಲಿ ವರ್ತೂರು, ಕಾಡುಗೋಡಿ ಸುತ್ತ ಅಪಾರ್ಟ್‌ಮೆಂಟುಗಳು ಏಳುತ್ತಿದ್ದವು. ಅವುಗಳಿಂದ ಬಿದ್ದವರು ನಮ್ಮಲ್ಲಿಗೆ ಬರುತ್ತಿದ್ದರು. ಈ ಬರಹಕ್ಕೆ ನನ್ನ ಹತ್ತಿರ ಎರಡು ಆಧಾರಗಳಿವೆ: ಆಗ ಬರೆದಿಟ್ಟ ಡೈರಿ, ಮತ್ತು ನೆನಪು. ಎರಡೂ ಹೊಂದುವುದಿಲ್ಲ. ಸುಂದರರಾಜ ಎಂಬ ರೋಗಿಯನ್ನು ಕರೆತಂದ ದಿನ ಜೋರು ಮಳೆ ಎನ್ನುತ್ತದೆ ನೆನಪು. ಡೈರಿಯಲ್ಲಿ 'ಬಿಸಿಲು, ವಾರ್ಡಿನ ಫ್ಯಾನ್ ಕೆಟ್ಟಿದೆ' ಎಂದಿದೆ. ಎಲ್ಲಿ ಹೊಂದುವುದಿಲ್ಲವೋ ಅಲ್ಲಿ ಹಾಗೆಂದೇ ಹೇಳುತ್ತೇನೆ. ಸರಿಮಾಡಿ ಹೇಳುವ ಚಟದಿಂದ ಈ ಕತೆ ಒಮ್ಮೆ ಕೆಟ್ಟಿದೆ.

ಸುಂದರರಾಜನಿಗೆ ಮೂವತ್ತೊಂದು ವರ್ಷ. ಬೀದರ್ ಕಡೆಯವನು, ತಾತನ ಕಾಲದಿಂದ ಕ್ರೈಸ್ತರಾದ ಮನೆತನ. ಹೆಂಡತಿ ಮಾರ್ತಮ್ಮನ ಜೊತೆ ಕಾಡುಗೋಡಿಯಲ್ಲಿ ಒಂದು ಬಾಡಿಗೆ ಕೋಣೆ ಮಾಡಿಕೊಂಡು ಗಾರೆ ಕೆಲಸ ಮಾಡುತ್ತಿದ್ದ. ನವೆಂಬರಿನಲ್ಲಿ ಮೂರನೆಯ ಮಹಡಿಗೆ ಕಟ್ಟಿದ ಸಾರುವೆ ಮರಗಳ ಮೇಲಿಂದ ಬಿದ್ದ. ಎಕ್ಸ್‌ರೇಯಲ್ಲಿ ಟೊಂಕದ ಮೇಲಿನ ಒಂದು ಮೂಳೆ ಪುಡಿಯಾಗಿತ್ತು. ಫೈಲಿನಲ್ಲಿ 'ಕಂಪ್ಲೀಟ್ ಇಂಜುರಿ' ಎಂದು ಬರೆದರು. ಎಂದರೆ ಪೆಟ್ಟು ಬಿದ್ದ ಜಾಗದಿಂದ ಕೆಳಕ್ಕೆ ಮೆದುಳಿನ ಅಪ್ಪಣೆ ಹೋಗುವುದಿಲ್ಲ, ಕೆಳಗಿನಿಂದ ನೋವು ಕೂಡ ಮೇಲೆ ಬರುವುದಿಲ್ಲ. ನಾನು ಗುಂಡುಪಿನ್ನಿನಿಂದ ಅವನ ಪಾದ ಚುಚ್ಚಿ ನೋಡುವಾಗ ಅವನು ಮಾರ್ತಮ್ಮನ ಮುಖ ನೋಡುತ್ತಿದ್ದ. ಅವಳು ಮುಖ ಹಿಂಡಿದರೆ ಚುಚ್ಚಿದೆನೆಂದು ಅವನಿಗೆ ತಿಳಿಯುತ್ತಿತ್ತು.

ಇಂಥವರನ್ನು ಕೊಲ್ಲುವುದು ಬಿದ್ದ ಪೆಟ್ಟಲ್ಲ, ಬೆಡ್ ಸೋರ್. ಮಲಗಿದಲ್ಲೇ ಮಲಗಿದರೆ ಮೂಳೆಯ ಮೇಲಿನ ಚರ್ಮ ಒತ್ತಿಕೊಂಡು ಸಾಯುತ್ತದೆ. ನೋವಿಲ್ಲದ್ದರಿಂದ ಗೊತ್ತೇ ಆಗುವುದಿಲ್ಲ. ಅದಕ್ಕೆ ಎರಡು ಗಂಟೆಗೊಮ್ಮೆ ಹೊರಳಿಸಬೇಕು. ಎಡ, ಬೆನ್ನು, ಬಲ. ಹೊರಳಿಸಿದ ಹೊತ್ತನ್ನು ಹಾಸಿಗೆಯ ತಲೆದೆಸೆಯ ಚಾರ್ಟಿನಲ್ಲಿ ಗುರುತು ಹಾಕಬೇಕು. ಮಾರ್ತಮ್ಮನಿಗೆ ಓದು ಅಷ್ಟಕ್ಕಷ್ಟೆ. ಆದರೆ ಅವಳ ಚಾರ್ಟಿನಷ್ಟು ಚೊಕ್ಕ ಚಾರ್ಟು ವಾರ್ಡಿನಲ್ಲಿ ಇನ್ನೊಂದಿರಲಿಲ್ಲ.

ಈಗ ತಟ್ಟೆಯ ವಿಷಯ. ನಮ್ಮ ಕ್ರೈಸ್ತ ಸಭೆಗಳಲ್ಲಿ, ಅಂದರೆ ಚರ್ಚುಗಳಲ್ಲಿ, ಹೊಸ ವರ್ಷಕ್ಕೆ ವಾಗ್ದಾನದ ಚೀಟಿ ಎತ್ತುವ ರೂಢಿಯಿದೆ. ಬೈಬಲಿನ ಒಂದೊಂದು ವಾಕ್ಯವನ್ನು ಒಂದೊಂದು ಚೀಟಿಯಲ್ಲಿ ಬರೆದು, ಸುರುಳಿ ಸುತ್ತಿ ತಟ್ಟೆಯಲ್ಲಿಡುತ್ತಾರೆ. ಎತ್ತಿದವರಿಗೆ ಬಂದದ್ದು ಆ ವರ್ಷ ದೇವರು ಕೊಟ್ಟ ಮಾತು. ಕೆಲವರು ಅದನ್ನು ಮನೆಬಾಗಿಲಿಗೆ ಅಂಟಿಸುತ್ತಾರೆ. ಆಸ್ಪತ್ರೆಯಲ್ಲಿ ಜನವರಿ ಒಂದರ ಬೆಳಿಗ್ಗೆ ಚಾಪ್ಲಿನ್, ಅಂದರೆ ರೋಗಿಗಳ ಜೊತೆ ಪ್ರಾರ್ಥಿಸಲೆಂದೇ ಇರುವ ಪಾಸ್ಟರ್, ಆ ತಟ್ಟೆಯನ್ನು ವಾರ್ಡು ವಾರ್ಡಿಗೆ ತರುತ್ತಿದ್ದರು.

ನಮ್ಮ ವಾರ್ಡಿಗೆ ಮಾತ್ರ ಒಂದು ಗುಟ್ಟಿನ ನಿಯಮವಿತ್ತು. ಅದನ್ನು ಮಾಡಿದವರು ಇಪ್ಪತ್ತು ವರ್ಷ ವಾರ್ಡ್ ಇನ್‌ಚಾರ್ಜ್ ಆಗಿದ್ದ ಸಿಸ್ಟರ್ ರೋಸಮ್ಮ. ಆ ಅಕ್ಟೋಬರಿನಲ್ಲಿ ನಿವೃತ್ತರಾಗುವಾಗ ನನ್ನನ್ನು ಲಿನನ್ ರೂಮಿಗೆ ಕರೆದು ಹೇಳಿದರು: "ಓಡೋದು, ಹಾರೋದು, ಎದ್ದು ನಿಲ್ಲೋದು ಇರೋ ವಾಕ್ಯ ಎಲ್ಲ ತಟ್ಟೆಯಿಂದ ಮುಂಚೇನೇ ತೆಗೆದಿಟ್ಬಿಡಮ್ಮ. ದೇವ್ರು ಕುರುಬ, ಬಂಡೆ, ಬೆಳಕು ಅನ್ನೋವು ಇರ್ಲಿ. ಅದರಿಂದ ಯಾರಿಗೂ ತೊಂದ್ರೆ ಇಲ್ಲ."

ಹಾಗೆ ಮಾಡುವುದು ಸರಿಯೇ ಎಂದು ನಾನು ಕೇಳಿದೆ.

"ದೇವ್ರಿಗೆ ಕೊಡಬೇಕು ಅಂತಿದ್ರೆ ನನ್ನ ತಟ್ಟೆ ಬೇಕಾ? ಅವನ ಕೆಲ್ಸ ಅವನು ನೋಡ್ಕೋತಾನೆ. ನಂದು ಬೆಡ್ ಸೋರ್."

ಡಿಸೆಂಬರ್ ಮೂವತ್ತೊಂದರ ಮಧ್ಯಾಹ್ನ ತಟ್ಟೆ ನನ್ನ ಮೇಜಿಗೆ ಬಂತು. ನಾನು ಸುರುಳಿಗಳನ್ನು ಬಿಚ್ಚಿ ಓದಿ, ಕೆಲವನ್ನು ತೆಗೆದು, ಉಳಿದವನ್ನು ಮತ್ತೆ ಸುತ್ತಿಟ್ಟೆ. ಮರುದಿನ ಬೆಳಿಗ್ಗೆ ಸುಂದರರಾಜ ಎತ್ತಿದ ಚೀಟಿಯನ್ನು ಚಾಪ್ಲಿನ್ ಗಟ್ಟಿಯಾಗಿ ಓದಿದರು. ಕುಂಟರು ಜಿಂಕೆಗಳಂತೆ ನೆಗೆಯುವ ದಿನದ ಕುರಿತ ವಾಕ್ಯ ಅದು. ಮಾರ್ತಮ್ಮ ನೆಲಕ್ಕೆ ಕುಸಿದು, ಅತ್ತು ಅತ್ತು ಸ್ತೋತ್ರ ಹೇಳಿದಳು. ಪಕ್ಕದ ಹಾಸಿಗೆಯ ಮುಸಲ್ಮಾನ ಮುದುಕರು ಕೂಡ ಕಣ್ಣೊರೆಸಿಕೊಂಡರು.

ಆ ಚೀಟಿ ತಟ್ಟೆಯಲ್ಲಿ ಹೇಗೆ ಉಳಿಯಿತು? ಕಣ್ತಪ್ಪಿತು ಎಂದು ಮೇಲಿನವರಿಗೆ ಹೇಳಿದೆ. ಒಂದು ಮಹಿಳಾ ಪ್ರಾರ್ಥನಾ ಕೂಟದಲ್ಲಿ ಸಾಕ್ಷಿ, ಅಂದರೆ ದೇವರ ಕುರಿತ ಸ್ವಂತ ಅನುಭವ, ಹೇಳುವಾಗ, ವಾಕ್ಯವನ್ನು ಬಚ್ಚಿಡಲು ಮನಸ್ಸಾಗದೆ ಬಿಟ್ಟೆ ಎಂದೆ. ಎರಡನ್ನೂ ಹೇಳುವಾಗ ನಂಬಿಯೇ ಹೇಳಿದ್ದೆ. ಈಗ ಕಣ್ಣುಮುಚ್ಚಿದರೆ ಆ ಚೀಟಿ ನನ್ನ ಬೆರಳುಗಳ ನಡುವೆ ಇರುವುದು ಕಾಣುತ್ತದೆ. ಮುಂದೆ ಕೈ ಏನು ಮಾಡಿತೆಂಬುದು ಕಾಣುವುದಿಲ್ಲ. ಡೈರಿಯ ಆ ಪುಟದಲ್ಲಿ ಊಟದ ಮೆನು ಇದೆ.

ನಮ್ಮ ಯೋಜನೆಯ ಪ್ರಕಾರ ಅವನು ಜನವರಿಯಲ್ಲಿ ಗಾಲಿಕುರ್ಚಿ ಕಲಿಯಬೇಕಿತ್ತು. ಹಾಸಿಗೆಯಿಂದ ಕುರ್ಚಿಗೆ, ಕುರ್ಚಿಯಿಂದ ಕಕ್ಕಸಿಗೆ, ಕೂತಲ್ಲಿ ಆಗಾಗ ತೋಳಿನ ಮೇಲೆ ಮೈ ಎತ್ತುವುದು. ಗಾರೆಯವನ ತೋಳು; ಒಂದು ತಿಂಗಳ ಕೆಲಸ. ಕುರ್ಚಿ ತಂದು ನಿಲ್ಲಿಸಿದೆ. ಮಾರ್ತಮ್ಮ ಅಡ್ಡ ಬಂದಳು.

"ಇದು ಕಲ್ತ್ರ ದೇವರಿಗಿ ನಿನ್ ಮಾತು ಸುಳ್ಳು ಅಂದಂಗ ಆಗ್ತದ್ರಿ ಮೇಡಂ."

ಅವನು ನಕ್ಕ. "ಇಟ್ಕೋರಿ ಮೇಡಂ. ನಾ ನಡಿಯೋದು ನೋಡಿ ನಿಮ್ಮ ಡಾಕ್ಟರ ಗಾಬರಿ ಆಗ್ತಾರ. ಆಗ ಅವರಿಗಿ ಕುಂದರ್ಲಾಕ ಬೇಕಾಗ್ತದ."

ಅಷ್ಟು ಗೆಲುವಾಗಿ ಅವನು ಅದುವರೆಗೆ ಮಾತಾಡಿರಲಿಲ್ಲ. ನಾನು ಅಲ್ಲೇ, ಆಗಲೇ, ಕಾಲು ಬರುವುದಿಲ್ಲ ಎಂದು ಹೇಳಬೇಕಿತ್ತು. ಹೇಳಲಿಲ್ಲ. ಪ್ರಾರ್ಥನೆ ಮಾಡೋಣ ಎಂದೆ. ನಮ್ಮ ಕಸುಬಿನಲ್ಲಿ ಅದಕ್ಕಿಂತ ಹೇಡಿತನದ ಮಾತನ್ನು ನಾನು ಆಡಿಲ್ಲ. ಪ್ರಾರ್ಥನೆ ಹೇಡಿತನ ಅಂತಲ್ಲ, ನಾನು ಅದರ ಹಿಂದೆ ಅಡಗಿಕೊಂಡೆ.

ಜನವರಿ ಕೊನೆಗೆ, ಕುರ್ಚಿ ಕಲಿಯದೆಯೇ, ಅವರು ಕಾಡುಗೋಡಿಯ ಕೋಣೆಗೆ ಹೊರಟರು. ಫೆಬ್ರವರಿಯಲ್ಲಿ ಒಮ್ಮೆ ನೋಡಲು ಹೋದೆ. ಗೋಡೆಯ ಮೇಲೆ ಚಾರ್ಟು ಇತ್ತು, ಗುರುತುಗಳೂ ಇದ್ದವು. ಮಂಚದ ಕಾಲ್ದೆಸೆಯಲ್ಲಿ ಅವನ ಚಪ್ಪಲಿಗಳನ್ನು ಬಾಗಿಲ ಕಡೆ ಮುಖಮಾಡಿ ಜೋಡಿಸಿಟ್ಟಿದ್ದರು. ಅವನ್ನು ದಾಟಿಕೊಂಡು ಹೊರಬಂದೆ.

ಅದಾದ ಮೇಲೆ ಅವರ ಕಡೆಯ ಏಳೆಂಟು ಮಂದಿ, ಅಲ್ಲಿಲ್ಲಿ ಕಟ್ಟಡದ ಕೆಲಸದಲ್ಲಿದ್ದವರು, ಕೋಣೆಯಲ್ಲಿ ಸೇರಿ ಮೂರು ದಿನದ ಉಪವಾಸ ಪ್ರಾರ್ಥನೆ ಹಿಡಿದರು. ಒಳ್ಳೆಯ ಜನ. ಕೂಲಿ ಬಿಟ್ಟು ಬಂದಿದ್ದರು. ಮೂರನೆಯ ದಿನ ಎದ್ದೇಳುತ್ತಾನೆಂದು ಅವನನ್ನು ನೆಟ್ಟಗೆ ಬೆನ್ನ ಮೇಲೆ ಮಲಗಿಸಿ, ಸುತ್ತ ಕೂತು, ಕೈಯಿಟ್ಟು ಪ್ರಾರ್ಥಿಸಿದರು. ಎದ್ದು ನಿಲ್ಲುವವನನ್ನು ಎರಡು ಗಂಟೆಗೊಮ್ಮೆ ರೋಗಿಯ ಹಾಗೆ ಹೊರಳಿಸುವುದೆಂದರೆ ಅವಿಶ್ವಾಸ. ಮಾರ್ತಮ್ಮ ಒಂದು ಸಲ ಕೈ ಹಾಕಿದಳಂತೆ. ಯಾರೋ ಹಿರಿಯರು, ಬೇಡವ್ವ, ನಡುವೆ ಕೈ ಹಾಕಬೇಡ ಎಂದರಂತೆ. ಮೂರು ದಿನ ಅವನು ಅಲುಗಲಿಲ್ಲ. ಅವನಿಗೆ ಏನೂ ನೋಯಲಿಲ್ಲ.

ಮಾರ್ಚ್ ಮೊದಲ ವಾರ ನೂರಾನಾಲ್ಕು ಡಿಗ್ರಿ ಜ್ವರದಲ್ಲಿ ಆಟೋದಲ್ಲಿ ಬಂದ. ಬ್ಯಾಂಡೇಜು ಬಿಚ್ಚುವ ಮುಂಚೆಯೇ ವಾಸನೆ ಬಂತು. ಟೊಂಕದ ಕೆಳಗಿನ ಹುಣ್ಣು ಅಂಗೈಯಷ್ಟು ಅಗಲ. ತಳದಲ್ಲಿ ಮೂಳೆ ಬೆಳ್ಳಗೆ ಕಾಣುತ್ತಿತ್ತು. ಕೆಟ್ಟದ್ದನ್ನೆಲ್ಲ ಕತ್ತರಿಸಿ ತೆಗೆದರು. ಅವನು ಉಳಿಯುವ ಸಾಧ್ಯತೆ ಅರ್ಧಕ್ಕರ್ಧ ಎಂದರು ಸರ್ಜನ್.

ಜ್ವರ ಇಳಿದ ಮೇಲೆ ನಾನು ಅವನ ಹತ್ತಿರ ಕೂತು ಎಲ್ಲವನ್ನೂ ಹೇಳಿದೆ. ಕಾಲು ಬರುವುದಿಲ್ಲ ಎಂದು, ನವೆಂಬರಿನಲ್ಲೇ ನಮಗೆ ಗೊತ್ತಿತ್ತು ಎಂದು. ತಟ್ಟೆಯ ನಿಯಮ ಹೇಳಿದೆ. ಆ ಚೀಟಿ ಅವನ ಕೈಗೆ ಬರಬಾರದಿತ್ತು, ತಪ್ಪು ನನ್ನದು ಎಂದೆ.

"ದೊಡ್ಡ ಸಭ್ಯಾಗ ಆ ಚೀಟಿ ಇಡ್ತೀರಿ?" ಎಂದು ಕೇಳಿದ.

ಎಲ್ಲರೂ ಸೇರುವ ಭಾನುವಾರದ ಸಭೆಯ ತಟ್ಟೆಯಲ್ಲಿ ಇಡುತ್ತೇವೆ ಎಂದೆ.

"ಕಾಲಿದ್ದೋರಿಗಿ," ಎಂದು ಗೋಡೆಯ ಕಡೆ ಮುಖ ತಿರುಗಿಸಿದ.

ಹೊರಗಿನ ಕಾರಿಡಾರಿನಲ್ಲಿ ಮಾರ್ತಮ್ಮ ನನ್ನನ್ನು ತಡೆದಳು. ದನಿ ಏರಿಸಲಿಲ್ಲ. "ಅವರ ಬಲ್ಲಿ ಅದೊಂದೇ ಇತ್ತು. ಖರೇ ಹೇಳಿ ನಿಮ್ ಭಾರ ಇಳಿಸ್ಕೊಂಡ್ರಿ. ಈಗ ನಾ ಏನ್ ಹೇಳಿ ಊಟ ಮಾಡಸ್ಲಿ, ಹೇಳ್ರಿ."

ಸತ್ಯ ಬಿಡುಗಡೆ ಮಾಡುತ್ತದೆಂದು ಚಿಕ್ಕಂದಿನಿಂದ ಕೇಳಿದ್ದೆ. ಅದು ಅವನನ್ನು ಊಟದಿಂದ ಬಿಡುಗಡೆ ಮಾಡಿತು, ಮಾತಿನಿಂದ ಮಾಡಿತು. ಮುಂದಿನ ದಿನಗಳ ಡೈರಿಯನ್ನು ಹಾಗೇ ಎತ್ತಿಕೊಡುತ್ತೇನೆ: 'ಮಾತಿಲ್ಲ. ಎರಡು ಚಮಚ ಗಂಜಿ.' 'ಮಾತಿಲ್ಲ. ಚಾಪ್ಲಿನ್ ಬಂದಾಗ ಕಣ್ಣು ಮುಚ್ಚಿದ.' 'ಮಾತಿಲ್ಲ. ಹುಣ್ಣು ಅದೇ ಅಳತೆ.' ಒಂದು ದಿನದ ಕೆಳಗೆ ಬೇರೆ ಶಾಯಿಯಲ್ಲಿ 'ಇಂದು ಪ್ರಾರ್ಥಿಸಲಾಗಲಿಲ್ಲ' ಎಂದಿದೆ. ಅವನ ಬಗ್ಗೆ ಬರೆದೆನೋ ನನ್ನ ಬಗ್ಗೆಯೋ ತಿಳಿಯುವುದಿಲ್ಲ. ನನಗೂ ಆಗುತ್ತಿರಲಿಲ್ಲ. ಬೆಳಗಿನ ಸಿಬ್ಬಂದಿ ಪ್ರಾರ್ಥನೆಯಲ್ಲಿ ಎಲ್ಲರ ಜೊತೆ ತುಟಿ ಆಡಿಸುತ್ತಿದ್ದೆ, ಅಷ್ಟೆ.

ಆ ದಿನಗಳಲ್ಲಿ ನಿಲ್ಲದೆ ನಡೆದದ್ದು ಒಂದೇ. ಎರಡು ಗಂಟೆ ಆದೊಡನೆ ಮಾರ್ತಮ್ಮ ಎದ್ದು, ಅವನ ಮೊಣಕಾಲು ಮಡಿಸಿ, ಹೆಗಲಿಗೆ ಒಂದು ಕೈ, ಸೊಂಟಕ್ಕೆ ಒಂದು ಕೈ ಕೊಟ್ಟು ಹೊರಳಿಸುತ್ತಿದ್ದಳು. ಹಾಡಿಲ್ಲ, ಸ್ತೋತ್ರವಿಲ್ಲ. ಅವನು ಮೂಟೆಯ ಹಾಗೆ ಬಿದ್ದಿರುತ್ತಿದ್ದ. ಅವಳು ಗುರುತು ಹಾಕಿ ಮತ್ತೆ ಕೂರುತ್ತಿದ್ದಳು.

ಏಪ್ರಿಲಿನ ಒಂದು ಮಧ್ಯಾಹ್ನ ಅವಳು ಬಟ್ಟೆ ಒಗೆಯಲು ಹೋಗಿದ್ದವಳು ತಡಮಾಡಿದಳು. ನಾನು ಎದುರಿನ ಹಾಸಿಗೆಯವರಿಗೆ ವ್ಯಾಯಾಮ ಮಾಡಿಸುತ್ತಿದ್ದೆ. ಸುಂದರರಾಜ ಕರೆದ.

"ಮೇಡಂ, ವ್ಯಾಳ್ಯಾ ಆಗ್ಯದ. ಹೊರಳಸ್ರಿ."

ಐದು ವಾರಗಳಲ್ಲಿ ಅವನು ನನ್ನೊಡನೆ ಆಡಿದ ಮೊದಲ ಮಾತು. ಎಡಕ್ಕೆ ಹೊರಳಿಸಿದೆ. ಬೆನ್ನಿಗೆ ದಿಂಬು ಕೊಡುವಾಗ, ದೇವರ ಮೇಲೆ ಇನ್ನೂ ಸಿಟ್ಟೇ ಎಂದು ಕೇಳಿದೆ. ಕೇಳಬಾರದಿತ್ತೇನೋ.

"ಭಾಳ ಅದ. ಇಲ್ದವರ ಮ್ಯಾಲ ಸಿಟ್ಟು ಹ್ಯಾಂಗ ಬರ್ತದ್ರಿ?" ಎಂದ. ದಿಂಬಿಗೆ ಒರಗಿ, "ನಿಮ್ಮ ಮ್ಯಾಲೂ ಅದ," ಎಂದ.

ಇಲ್ಲಿಂದ ಮುಂದೆ ಗುಣವಾಯಿತು ಎಂದು ಬರೆಯುವ ಆಸೆ ಕೈಗೆ ಬರುತ್ತದೆ. ಆಗಲಿಲ್ಲ. ಹುಣ್ಣು ಮುಕ್ಕಾಲು ಮಾಯ್ದು ನಿಂತಿತು. ಅವನು ಕುರ್ಚಿ ಕಲಿತ. ಒಂದು ಭಾನುವಾರ ಕುರ್ಚಿಯಲ್ಲೇ ಆಸ್ಪತ್ರೆಯ ಸಭೆಗೆ ಬಂದು ಕೊನೆಯ ಸಾಲಿನ ಪಕ್ಕದಲ್ಲಿದ್ದ. ಹಾಡಲಿಲ್ಲ, ಎದ್ದು ಹೋಗಲೂ ಇಲ್ಲ. ಎದ್ದು ಹೋಗಲಿಲ್ಲವಲ್ಲ ಎಂದದ್ದಕ್ಕೆ ಅವನೇ ಆಮೇಲೆ ತಮಾಷೆ ಮಾಡಿದ, ಎದ್ದು ಹೋಗುವುದು ಹೇಗೆ ಅಂತ. ೨೦೧೦ರ ಮೇ ತಿಂಗಳಲ್ಲಿ ಕಿಡ್ನಿಗೆ ಸೋಂಕು ತಗುಲಿತು. ನಾಲ್ಕನೆಯ ದಿನ ತೀರಿಕೊಂಡ. ಕೊನೆಯ ದಿನ ಪ್ರಾರ್ಥನೆ ಮಾಡಲೇ ಎಂದು ಚಾಪ್ಲಿನ್ ಕೇಳಿದಾಗ ತಲೆಯಾಡಿಸಿದ. ಹೂಂ ಎಂದು ಆಡಿಸಿದನೆಂದು ಚಾಪ್ಲಿನ್ ಹೇಳುತ್ತಾರೆ. ನಾನು ಅಲ್ಲೇ ಇದ್ದೆ. ನನಗೆ ಗೊತ್ತಾಗಲಿಲ್ಲ.

ಮಾರ್ತಮ್ಮ ಮರುವರ್ಷ ನಮ್ಮ ವಾರ್ಡಿಗೇ ಆಯಾ ಆಗಿ ಸೇರಿದಳು. ಇದನ್ನು ಕ್ಷಮೆ ಎಂದು ಓದಬೇಡಿ. ಕೆಲಸ ಖಾಲಿಯಿತ್ತು, ಅವಳಿಗೆ ಆ ಕೆಲಸ ಗೊತ್ತಿತ್ತು. ಮೊದಲ ಒಂದು ವರ್ಷ ಕೆಲಸಕ್ಕೆ ಬೇಕಾದಷ್ಟೇ ಮಾತು ನನ್ನೊಡನೆ.

ಮೂವತ್ತು ವರ್ಷದ ಕೆಲಸ ನನಗೆ ಏನು ಕಲಿಸಿತೆಂದು ಕೇಳುವವರಿಗೆ ನಾನು ಉಪದೇಶ ಹೇಳಲಾರೆ. ಚೀಟಿ ತೆಗೆದಿಟ್ಟವರೂ ನಾವೇ, ಉಳಿಸಿದವರೂ ನಾವೇ. ಎರಡರಲ್ಲೂ ದೇವರ ಬದಲು ನಾವೇ ಮಾತಾಡಿದೆವು. ಸುಂದರರಾಜನ ಎದುರು ಕೂತು, ಗೊತ್ತಿರುವುದನ್ನು ಗೊತ್ತೆಂದೂ ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದೂ ಹೇಳಿ, ಆಮೇಲೂ ಅಲ್ಲೇ ಕೂತಿರುವುದು ನಮ್ಮಿಂದ ಆಗಲಿಲ್ಲ. ಅದು ಆಗುವ ಕೆಲಸವೆಂದು ನಾನು ಕಂಡದ್ದು ೨೦೧೩ರಲ್ಲಿ. ಹೊಸದಾಗಿ ಬಂದ ಒಬ್ಬ ಪೇಂಟರಿನ ತಾಯಿ ವಾರ್ಡಿನ ಬಾಗಿಲಲ್ಲೇ ಮಾರ್ತಮ್ಮನ ಸೆರಗು ಹಿಡಿದುಕೊಂಡು, ನನ್ನ ಮಗ ನಡೀತಾನಾ ಅಕ್ಕ, ನೀವಾದ್ರೂ ಹೇಳಿ ಎಂದು ಗೋಗರೆಯುತ್ತಿದ್ದಳು. ನಾನು ಫೈಲು ಹಿಡಿದು ಎರಡು ಹೆಜ್ಜೆ ಹಿಂದೆ ನಿಂತಿದ್ದೆ. ಮಾರ್ತಮ್ಮ ಸೆರಗು ಬಿಡಿಸಿಕೊಳ್ಳಲಿಲ್ಲ.

"ನಡಿಯೋದಿಲ್ಲ ಅಂತಾರವ್ವ ಡಾಕ್ಟರು. ನಮ್ಮವರೂ ನಡೀಲಿಲ್ಲ," ಎಂದಳು. "ಪ್ರಾರ್ಥನಾ ಮಾಡಮು, ನಾನೂ ಕುಂದರ್ತೀನಿ ನಿನ್ ಸಂಗಟ. ಮದಲ ಇವನಿಗಿ ಹೊರಳಸಮು. ಆ ಕಡಿ ಹಿಡಿ."