ದೆವ್ವ ಓಡಿಸುವ ದುವಾನ್

ನಮ್ಮೂರಲ್ಲಿ ಯಾರೇ ಸತ್ತರೂ ಹೆಣದ ಮೆರವಣಿಗೆಯ ಮುಂದೆ ಭೂತದ ವೇಷದಲ್ಲಿ ನಡೆಯುವವನು ದುವಾನ್. ಮುಖಕ್ಕೆ ನೀಲಿ ಬಣ್ಣ, ತಲೆಗೆ ಎರಡು ಮೊಳದ ಕಾಗದದ ಕಿರೀಟ, ಕೈಯಲ್ಲಿ ಈಟಿ. ದಾರಿಯ ದೆವ್ವಗಳನ್ನು ಓಡಿಸುವುದು ಅವನ ಕೆಲಸ. ಅವನೋ ಬಾತುಕೋಳಿ ಅಡ್ಡ ಬಂದರೂ ರಸ್ತೆ ಬದಲಿಸುವ ಆಸಾಮಿ. ಗಾಳಿ ಬೀಸಿದರೆ ಕಿರೀಟದ ಚಿಂತೆ, ಬೀಸದಿದ್ದರೆ ಮಳೆಯ ಚಿಂತೆ. ಎಲ್ಲಕ್ಕಿಂತ ದೊಡ್ಡ ಚಿಂತೆ ಕತ್ತಿನದು. ವೇಷ ಹಾಕಿದವನು ಹಿಂದಿರುಗಿ ನೋಡಿದರೆ ಸತ್ತವರೂ ಮನೆಗೆ ವಾಪಸು ಬಂದುಬಿಡುತ್ತಾರೆಂದು ನಮ್ಮವರ ನಂಬಿಕೆ. ಅದಕ್ಕೇ ಅವನು ಕತ್ತು ತಿರುಗದಂತೆ ಬಿದಿರಿನ ದಬ್ಬೆ ಕಟ್ಟಿಕೊಂಡೇ ಹೊರಡುತ್ತಾನೆ. ಹಿಂದೆ ಸುವೋನಾ ಊದುವ ಚಿನ್ ಒಂದು ಕ್ಷಣ ಬಾಯಿಂದ ವಾದ್ಯ ತೆಗೆದರೂ ಸಾಕು, "ಲೋ ಚಿನ್, ಹಿಂದೆ ಎಲ್ಲಾ ಬರ್ತಿದ್ದಾರೇನೋ?" ಎಂದು ನಡುಗುತ್ತಾನೆ. "ಹೆಣ ಎಲ್ಲಿಗೋ ಓಡಿಹೋಗುತ್ತೆ? ನಡಿಯೋ ಪುಕ್ಕಲ!" ಎಂದು ಚಿನ್ ಗದರುತ್ತಾನೆ. ನಲವತ್ತು ವರ್ಷಗಳಲ್ಲಿ ದುವಾನ್ ಒಮ್ಮೆಯೂ ಹಿಂದಿರುಗಿ ನೋಡಿರಲಿಲ್ಲ. ಹೋದ ಚಳಿಗಾಲದಲ್ಲಿ ಅವನ ಹೆಂಡತಿ ತೀರಿಕೊಂಡಳು. ಬೇಡವೆಂದರೂ ಕೇಳದೆ ಅವತ್ತೂ ತಾನೇ ವೇಷ ಹಾಕಿದ. ದಬ್ಬೆಯನ್ನು ಮಾತ್ರ ಕಟ್ಟಿಕೊಳ್ಳಲಿಲ್ಲ. ಫೆನ್ ನದಿಯ ಸೇತುವೆಯ ಮೇಲೆ, ಸುವೋನಾ ಜೋರಾಗಿ ಮೊಳಗುತ್ತಿರುವಾಗಲೇ, ನಿಂತ. ಪೂರ್ತಿ ಹಿಂದಕ್ಕೆ ತಿರುಗಿ ಮೆಲ್ಲಗೆ ಕೇಳಿದ: "ಬರ್ತಿದ್ದೀಯೇನೇ?"