ದನದ ಆಸ್ಪತ್ರೆಗೆ ಹೋದ ನಾಯಿ

ಚಿಕ್ಕಸಿದ್ದಮ್ಮನ ಬಾಯಿಗೆ ಕಟ್ಟೆಮಳಲವಾಡಿಯ ನಮ್ಮ ಬೀದಿಯಲ್ಲಿ ಹೆದರದೆ ಇದ್ದದ್ದು ಒಂದೇ ಜೀವ, ಅವಳ ನಾಯಿ ಕೆಂಚ. ಹೊಗೆಸೊಪ್ಪು ಬೇಯಿಸಿ ಒಣಗಿಸುವ ಬ್ಯಾರನ್ ಮನೆಯ ಒಲೆಗೆ ಉರಿ ಹಾಕುವುದು ಅವಳ ಕೆಲಸ. ಕೆಂಚ ಅಲ್ಲೇ ಬೂದಿಯ ಪಕ್ಕ ಮಲಗುತ್ತಿದ್ದ. ಪಕ್ಕದ ಮನೆಯವನಾದ ನನಗೆ ಅವಳು ದೊಡ್ಡವ್ವನ ವರಸೆ, ಹಾಗಾಗಿ ಬೈಗುಳದಲ್ಲಿ ನನಗೂ ದೊಡ್ಡ ಪಾಲು.

ತೊಂಬತ್ತೆಂಟರ ಸೊಪ್ಪಿನ ಕಾಲದಲ್ಲಿ ಕೆಂಚನಿಗೆ ಕೆಮ್ಮು ಹಿಡಿಯಿತು. "ಒಗೆ ಕುಡ್ದವ್ನೆ, ಬುಡು" ಎಂದಳು ಮೊದಲ ವಾರ. ಎರಡನೇ ವಾರ ಆಡುಸೋಗೆ ಸೊಪ್ಪಿನ ರಸ ಕುಡಿಸಿದಳು, ಅವನು ಅವಳ ಸೀರೆಗೇ ಉಗಿದ. ಮೂರನೇ ವಾರ ಮುದ್ದೆ ಮುಟ್ಟುವುದನ್ನೇ ಬಿಟ್ಟ. ಕತ್ತು ಚಾಚಿ ಕೆಮ್ಮಿದಾಗಲೆಲ್ಲ ಇವಳು ಎದ್ದು ನೋಡುವಳು, ಒಲೆಗೆ ಒಂದು ಸೌದೆ ತಳ್ಳುವಳು, ಮತ್ತೆ ಬಂದು ನೋಡುವಳು. ಅವಳ ಓಡಾಟ ನೋಡಿಯೇ ನನಗೆ ಸುಸ್ತಾಗುತ್ತಿತ್ತು.

"ಆಸ್ಪತ್ರೆಗಾದ್ರೂ ತೋರ್ಸು ದೊಡ್ಡವ್ವ" ಅಂದೆ.

"ಅದು ದನದ ಆಸ್ಪತ್ರೆ ಕಣ್ಲಾ. ನಾಯಿ ತಕ್ಕೊಂಡೋದ್ರೆ ಉಗ್ದು ಕಳುಸ್ತಾರೆ."

ನಾನೂ ಹೌದೆಂದುಕೊಂಡೆ. ಎಲ್ಲರೂ ಕರೆಯುವುದೇ ಹಾಗಲ್ಲವೇ? ನಾಲ್ಕನೇ ವಾರ ಕೆಂಚನಿಗೆ ಉಬ್ಬಸ ಬಂತು. ಅವತ್ತು ಬೆಳಿಗ್ಗೆ ಅವಳು ನಮ್ಮ ಕೊಟ್ಟಿಗೆಗೇ ನುಗ್ಗಿದಳು.

"ನಿನ್ನ ಅಸ ಬುಚ್ಚು. ಅದುಕ್ಕೆ ಕೆಮ್ಮು ಅಂತ ಯೋಳಿ ಔಸ್ದಿ ಈಸ್ಕೊಂಬರನ."

ಹಸುವಿನ ಹಗ್ಗ ನನ್ನ ಕೈಯಲ್ಲಿ, ಕೆಂಚ ಅವಳ ತೋಳಿನಲ್ಲಿ. ಮನೆಯಲ್ಲಿ ಬಿಟ್ಟು ಬಂದರೆ ಅಷ್ಟರಲ್ಲಿ ಏನಾದರೂ ಆದೀತೆಂಬ ಭಯ ಅವಳಿಗೆ. ಪಕ್ಕದೂರಿನ ಆಸ್ಪತ್ರೆಯ ಹಿಂದೆ ಮರದಡಿ ಅವನನ್ನು ಮಲಗಿಸಿ ಒಳಗೆ ಹೋದೆವು.

"ಒಂದ್ ತಿಂಗ್ಳಿಂದ ಕೆಮ್ಮು ಸ್ವಾಮಿ, ಮೇವೇ ಮುಟ್ಟಕಿಲ್ಲ" ಎಂದು ಅವಳು ಶುರುಮಾಡಿದಳು. ಅಷ್ಟರಲ್ಲಿ ನನ್ನ ಹಸು ಆಸ್ಪತ್ರೆಯ ಬೇಲಿಯನ್ನು ಅರ್ಧ ಮೇಯ್ದಾಗಿತ್ತು. ಡಾಕ್ಟರು ಚಿಕ್ಕ ವಯಸ್ಸಿನವರು. ಹಸುವನ್ನು ಸುತ್ತ ನೋಡಿ, ಇವಳ ಗೋಳು ತಾಳಲಾರದೆ ಹೆಬ್ಬೆರಳು ಗಾತ್ರದ ಎರಡು ಮಾತ್ರೆ ಕೈಗಿಟ್ಟರು. ಚಿಕ್ಕಸಿದ್ದಮ್ಮ ಅದನ್ನು ಕಂಡು ಬೆವೆತುಹೋದಳು.

"ಇದುನ್ನ ನಾಯಿಗೆ ಎಂಗ್ ನುಂಗ್ಸದು ಸ್ವಾಮಿ?"

"ನಾಯಿಗಾ?"

ಹಿಂದಿನಿಂದ ಕೆಂಚನೇ ಕೆಮ್ಮಿ ಉತ್ತರ ಕೊಟ್ಟ. ಡಾಕ್ಟರು ಮಾತ್ರೆ ಕಿತ್ತುಕೊಂಡು ಮರದ ಕಡೆಗೆ ಓಡಿದರು. ಎದೆಗೆ ಕೊಳವೆ ಇಟ್ಟು ತುಂಬಾ ಹೊತ್ತು ಕೇಳಿಸಿಕೊಂಡರು.

"ನಾಯೀನೂ ಪಶುನೇ ಅಲ್ವೇನಮ್ಮ? ಕೆಮ್ಮು ವಾರ ದಾಟಿದಾಗಲೇ ತರಬೇಕಿತ್ತು. ಈಗ ಶ್ವಾಸಕೋಶಕ್ಕೆ ಇಳಿದಿದೆ. ಐದು ದಿನ ಇಂಜೆಕ್ಷನ್ ಹಾಕೋಣ. ಉಳಿಯುತ್ತೆ ಅಂತ ಮಾತ್ರ ಮಾತು ಕೊಡಲ್ಲ."

ಚಿಕ್ಕಸಿದ್ದಮ್ಮ ಕೆಂಚನನ್ನು ಮತ್ತೆ ತೋಳಿಗೆ ಎತ್ತಿಕೊಂಡಳು. ಐದು ದಿನವೂ ಅವನನ್ನು ಹೊತ್ತು ನಡೆದಳು, ಯಾರನ್ನೂ ಬೈಯಲಿಲ್ಲ. ನನಗೆ ಅದೇ ಹೆಚ್ಚು ಸಂಕಟವಾಯಿತು.

ಆರನೆಯ ಬೆಳಿಗ್ಗೆ ಕೆಮ್ಮು ಕೇಳಲಿಲ್ಲ. ಅವಳು ನಮ್ಮ ಬಾಗಿಲಲ್ಲಿ ನಿಂತಿದ್ದಳು, ಮುಖ ಬಿಳುಚಿತ್ತು. "ಸದ್ದಿಲ್ಲ ಕಣಪ್ಪ. ನೀನೇ ಓಗಿ ನೋಡು, ನನ್ ಕೈಲಾಗಕಿಲ್ಲ."

ಹೋಗಿ ನೋಡಿದೆ. ಕೆಂಚ ಹಾಯಾಗಿ ಉಸಿರಾಡುತ್ತಾ ನಿದ್ದೆ ಹೊಡೆಯುತ್ತಿದ್ದ. ಅವನಿಗೆ ಎಚ್ಚರವಾಗದಿರಲೆಂದು ತಲೆ ತಗ್ಗಿಸಿ, ಮೆಲ್ಲಗೆ ಹೆಜ್ಜೆ ನೋಡಿಕೊಂಡು ವಾಪಸು ಬಂದೆ. ಅದನ್ನು ನೋಡಿ ಅವಳು ಅರ್ಥ ಮಾಡಿಕೊಂಡದ್ದೇ ಬೇರೆ. ನಾನು ಬಾಯಿ ತೆರೆಯುವ ಮೊದಲೇ ನೆಲಕ್ಕೆ ಕುಸಿದು, "ನನ್ ಮಗ್ನೇ, ನಾನೇ ನಿನ್ನ ಕೊಂದ್ನಲ್ಲೋ" ಎಂದು ಎದೆ ಬಡಿದುಕೊಂಡು ಅತ್ತಳು. ಬೀದಿಯೇ ಓಡಿಬಂತು.

ಅಳು ಕೇಳಿ ಕೆಂಚನೂ ಎದ್ದು ತೂರಾಡುತ್ತಾ ಬಂದ, ಯಾರು ಸತ್ತರೆಂದು ನೋಡಲು.