ಮಲಗಿದ್ದೆ ಎಂದ ಮಧ್ಯಾಹ್ನ

ಅವತ್ತು ನಾನು ಮಲಗಿರಲಿಲ್ಲ, ದೇವರಾಜಣ್ಣ. ಹಿತ್ತಲ ಬಾಗಿಲಲ್ಲಿ ನಿಂತಿದ್ದೆ. ಆನೆಯನ್ನು ಕಣ್ಣಾರೆ ಕಂಡಿದ್ದೆ. ಫೋನು ಕೈಯಲ್ಲೇ ಇತ್ತು. ಆರು ವರ್ಷದಿಂದ ಇಷ್ಟನ್ನು ನಿಮಗೆ ಹೇಳಲಾಗದೆ — ಅಲ್ಲ, ಹೇಳದೆ — ಬದುಕಿದ್ದೇನೆ.

ನಾನಿದ್ದ ಕಾಫಿ ಎಸ್ಟೇಟ್ ಕೈ ಬದಲಾಗಿ, ಹೊಸ ಮಾಲೀಕರು ತಮ್ಮದೇ ಜನರನ್ನು ತಂದುಕೊಂಡು, ನನ್ನ ರೈಟರ್ ಕೆಲಸ ಹೋಗಿ ಆಗ ನಾಲ್ಕು ತಿಂಗಳು. ಹೆಂಡತಿ ಸುಮ ಶಾಲೆಯ ಬಿಸಿಯೂಟದ ಅಡುಗೆಗೆ ಹೋದರೆ ಬರುವುದು ಮೂರು ಗಂಟೆಗೆ. ಇಪ್ಪತ್ತು ವರ್ಷ ಆಳುಗಳ ಹಾಜರಿ ಕೂಗಿದ ನನಗೆ ಏಳೂವರೆ ಆಯಿತೆಂದರೆ ಕೈಕಾಲು ಒಂದು ಕಡೆ ನಿಲ್ಲುತ್ತಿರಲಿಲ್ಲ. ಸರಿಯಾಗಿದ್ದ ನಲ್ಲಿಯನ್ನೇ ಬಿಚ್ಚಿ ಮತ್ತೆ ಕೂರಿಸುತ್ತಿದ್ದೆ. ಓದಿದ ಪೇಪರನ್ನೇ ಓದುತ್ತಿದ್ದೆ. ದಾರಿಯಲ್ಲಿ ಯಾರಾದರೂ ಬಂದರೆ ಒಳಗೆ ಸರಿಯುತ್ತಿದ್ದೆ — ಕೆಲಸ ಸಿಕ್ಕಿತಾ ಎಂದು ಕೇಳುತ್ತಾರಲ್ಲ, ಅದಕ್ಕೆ.

ನಮ್ಮ ಕಡೆಯ ಕಟ್ಟಳೆ ನಿಮಗೆ ಗೊತ್ತೇ ಇದೆ. ಆನೆ ಕಂಡವನು ಮೊದಲು ಪಕ್ಕದ ಮನೆಗೆ ಫೋನ್ ಮಾಡಬೇಕು. ಮಾತು ಬಿಟ್ಟ ದಾಯಾದಿಗಳು ಕೂಡ ಅದೊಂದಕ್ಕೆ ಮಾತಾಡುತ್ತಾರೆ. ನಾನೂ ಮಾಡಿದ್ದೆ, ಆ ಮಧ್ಯಾಹ್ನಕ್ಕೆ ಒಂದು ವಾರದ ಹಿಂದೆ. ಮಂಜಿನಲ್ಲಿ ಸಿಲ್ವರ್ ಓಕ್ ಮರಗಳ ನಡುವೆ ಕಪ್ಪಗೆ ಕಂಡದ್ದು ಆನೆಯೆಂದು ಐದಾರು ಮನೆಗೆ ಹೇಳಿಬಿಟ್ಟೆ. ಹಣ್ಣು ಕೊಯ್ಯುತ್ತಿದ್ದ ಹೆಂಗಸರು ಚೀಲ ಬಿಸಾಕಿ ಓಡಿದರು. ಹೋಗಿ ನೋಡಿದರೆ ಯಾರೋ ಹೊಸದಾಗಿ ಇಳಿಸಿದ್ದ ನೀರಿನ ಟ್ಯಾಂಕ್.

ಅವತ್ತು ಸಂಜೆ ಅಂಗಡಿ ಮುಂದೆ, ಎಲ್ಲರೆದುರು, ನೀವು ನಕ್ಕಿರಿ. “ಮನೇಲ್ ಕೂತೂ ಕೂತೂ ಇವ್ನ ಕಣ್ಗೆ ಟ್ಯಾಂಕೂ ಆನೆ ಆಗ್ಬುಟ್ಟೈತೆ ಮಾರಾಯ. ಮೊದ್ಲು ಒಂದ್ ಕೆಲ್ಸ ಹುಡ್ಕೋ ಕಣೋ.”

ತಮಾಷೆಗೆ ಅಂದಿರಿ. ನನಗೆ ಚಹಾ ಕೊಡಿಸಿದವರೂ ನೀವೇ. ಆದರೂ ಆ ಮಾತು ಮನಸ್ಸಿನಲ್ಲಿ ಕೂತುಬಿಟ್ಟಿತು.

ಆಮೇಲೆ ಆ ದಿನ. ಮಧ್ಯಾಹ್ನ ಹನ್ನೆರಡೂವರೆ. ನಮ್ಮ ಹಿತ್ತಲಿನಾಚೆ ನಿಮ್ಮ ಮನೆಗೆ ಹೋಗುವ ಕಾಲುದಾರಿಯ ತಿರುವಿನಲ್ಲಿ, ಹಲಸಿನ ಮರದ ಮರೆಯಲ್ಲಿ ಒಂಟಿ ಆನೆ. ಈ ಸಲ ಅನುಮಾನವೇ ಇರಲಿಲ್ಲ — ಕಿವಿ ಆಡಿಸಿತು. ನೀವು ಕೀಲಿ ಹಿಡಿದಿದ್ದ ಪಕ್ಕದ ತೋಟದ ಸ್ಟೋರಿನಿಂದ ಒಂದು ಗಂಟೆಗೆ ನೀವು ಊಟಕ್ಕೆ ಬರುವುದು ಅದೇ ದಾರಿಯಲ್ಲಿ ಎಂದು ನನಗೆ ಗೊತ್ತಿತ್ತು. ನಿಮ್ಮ ನಂಬರ್ ತೆಗೆದೆ. ಬೆರಳು ಅದರ ಮೇಲೇ ಇತ್ತು. ಆಗ ಅನ್ನಿಸಿದ್ದನ್ನು ಇದ್ದ ಹಾಗೆ ಬರೆಯುತ್ತೇನೆ: ತಾನೇ ಬಂದು ನೋಡಲಿ, ಒಂದು ಸಲ ಹೆದರಿ ಓಡಲಿ, ಆಗ ನಗುವವನು ನಾನು. ಫೋನನ್ನು ಜೇಬಿಗೆ ಹಾಕಿಕೊಂಡೆ.

ಅರ್ಧ ಗಂಟೆ ಇತ್ತು. ಮನಸ್ಸು ಬದಲಾಯಿಸಲು ಪೂರಾ ಅರ್ಧ ಗಂಟೆ. ಆ ಹೊತ್ತಿನಲ್ಲಿ ನಾನು ನಲ್ಲಿ ಬಿಚ್ಚುತ್ತಿದ್ದೆ.

ನಿಮ್ಮ ಕೂಗು ಒಂದೇ ಸಲ ಕೇಳಿತು.

ಜೀಪಿನಲ್ಲಿ ಹಾಸನಕ್ಕೆ ಒಯ್ಯುವಾಗ ನಿಮ್ಮ ತಲೆ ನನ್ನ ತೊಡೆಯ ಮೇಲಿತ್ತು. ಮನೆಯಲ್ಲೇ ಇದ್ದೆಯಲ್ಲ, ಕಾಣಲಿಲ್ಲವಾ ಎಂದು ಯಾರೋ ಕೇಳಿದರು. ಮಲಗಿದ್ದೆ ಎಂದೆ. ಆನೆ ತುಳಿದ ನಿಮ್ಮ ಕಾಲನ್ನು ಡಾಕ್ಟರು ತೆಗೆದ ಮೂರನೇ ದಿನ ಅದೇ ಪ್ರಶ್ನೆ ಮತ್ತೆ ಬಂದಾಗ, ನನ್ನ ಪರವಾಗಿ ಉತ್ತರ ಕೊಟ್ಟವರು ಹಾಸಿಗೆಯಲ್ಲಿದ್ದ ನೀವು. “ಕಂಡಿದ್ರೆ ಹೇಳ್ದೆ ಇರ್ತಿದ್ನ? ಟ್ಯಾಂಕ್ ನೋಡುದ್ರೇ ಫೋನ್ ಮಾಡೋನು ಕಣ್ರೀ ಅವ್ನು.”

ಅಷ್ಟಕ್ಕೇ ಬಿಡಲಿಲ್ಲ ನೀವು. ನನ್ನ ಜಾಗಕ್ಕೆ ಇವನನ್ನೇ ಹಾಕಿ ಎಂದು ನಿಮ್ಮ ತೋಟದ ಯಜಮಾನರಿಗೆ ಹೇಳಿದಿರಿ. ಆರು ವರ್ಷದಿಂದ ನಿಮ್ಮ ಕುರ್ಚಿಯಲ್ಲಿ ಕೂತು, ನಿಮ್ಮ ಕೀಲಿ ಹಿಡಿದು, ನಿಮ್ಮ ಅನ್ನ ತಿನ್ನುತ್ತಿದ್ದೇನೆ. ಒಂದು ಗಂಟೆಗೆ ಎಲ್ಲರೂ ಊಟಕ್ಕೆ ಎದ್ದಾಗ ನನಗೆ ಆ ಕಿವಿ ಆಡುವುದು ಕಾಣುತ್ತದೆ. ದಿನವೂ.

ಇವತ್ತು ಸುಮಳಿಗೆ ಹೇಳಿದೆ. ಅವಳು ತಟ್ಟೆ ತೊಳೆದಿಟ್ಟು ಒಳಗೆ ಹೋದಳು.

ನಾಳೆ ಭಾನುವಾರ. ಈ ಕಾಗದವನ್ನು ಯಾರ ಕೈಯಲ್ಲೂ ಕಳಿಸುವುದಿಲ್ಲ. ಅದೇ ಕಾಲುದಾರಿಯಲ್ಲಿ ನಡೆದು ಬಂದು, ನಿಮ್ಮ ಎದುರು, ಅತ್ತಿಗೆಯ ಎದುರು ಓದುತ್ತೇನೆ. ಕ್ಷಮಿಸಿ ಎಂದು ಕೇಳುವುದಿಲ್ಲ. ಕೀಲಿಗೊಂಚಲು ತಂದಿರುತ್ತೇನೆ. ಇಟ್ಟು ಹೋಗು ಎಂದರೆ ಇಟ್ಟು, ಮನೆಗೆ ಹಿಂತಿರುಗಿ, ಮತ್ತೆ ಆ ಹಿತ್ತಲ ಬಾಗಿಲ ಎದುರು ಕೂರುತ್ತೇನೆ.